ಉಡಿಯಕ್ಕಿ ಬಿದ್ದ ತಟ್ಟೆ

ನಮ್ಮ ಮನೆಯವರ ಹೆಸರನ್ನು ನಾನು ಒಂದು ದಿನವೂ ಬಾಯಿಬಿಟ್ಟು ಹೇಳಿದವಳಲ್ಲ. ಬರೆದರೆ ತಪ್ಪಿಲ್ಲ ಎಂದು ಅತ್ತೆ ಅನ್ನುತ್ತಿದ್ದರು, ಅದಕ್ಕೆ ಬರೆಯುತ್ತೇನೆ: ದೊಡ್ಡಬಸಪ್ಪ. ಬಳ್ಳಾರಿಯ ಕೋಟೆ ಗುಡ್ಡದ ಕೆಳಗೆ ಗ್ರಾಮಫೋನ್ ರಿಪೇರಿ ಅಂಗಡಿ ಇಟ್ಟಿದ್ದರು. ಸಿರುಗುಪ್ಪದ ಅಕ್ಕಿ ಗಿರಣಿ ಸಾಹುಕಾರರ ಮನೆಗಳಿಗೆ ಹೋಗಿ ಮುರಿದ ಸ್ಪ್ರಿಂಗು ಬದಲಿಸಿ ಬರುವರು. ಆ ಮನೆಗಳಲ್ಲಿ ಮದರಾಸಿನ ಹಾಡಿನ ತಟ್ಟೆ ಇತ್ತು, ಮುಂಬಯಿಯ ತಟ್ಟೆ ಇತ್ತು. “ನಮ್ಮ ಸೀಮಿ ದನಿ ಒಂದೂ ಇಲ್ಲಲ್ಲ” ಎಂದು ಕೊರಗುವರು. ಕೊನೆಗೆ ತಾವೇ ತಟ್ಟೆ ಹೊರಡಿಸಲು ನಿಂತರು. ತಟ್ಟೆಯ ನಡುವಿನ ಕೆಂಪು ಕಾಗದದ ಮೇಲೆ ಕೋಟೆ ಗುಡ್ಡದ ಚಿತ್ರ. ಜನ ಗುಡ್ಡದ ಮಾರ್ಕು ಅಂದರು.

ಕುರುಗೋಡಿನ ಹನುಮಮ್ಮನನ್ನು ಅವರು ಮೊದಲು ಕಂಡಿದ್ದಲ್ಲ, ಕೇಳಿದ್ದು. ಬೆಳಗಿನ ಜಾವ ಬಸ್ಸಿಗೆ ಕಾಯುವಾಗ ಗೋಡೆಯ ಆಚೆ ಆಕೆ ಬೀಸುತ್ತ ಹಾಡುತ್ತಿದ್ದಳಂತೆ. ಬಸ್ಸು ಬಂದು ಹೋಯಿತು, ಇವರು ಅಲ್ಲೇ ನಿಂತಿದ್ದರು.

ಮರು ವರ್ಷ ಹನುಮಮ್ಮನ ಗಂಟಲಲ್ಲಿ ಗಡ್ಡೆ ಎದ್ದಿತು. ಕೊಯ್ಯದಿದ್ದರೆ ಜೀವಕ್ಕೆ ಅಪಾಯ, ಕೊಯ್ದರೆ ದನಿ ಉಳಿಯುವ ಭರವಸೆ ಇಲ್ಲ ಎಂದರು ಡಾಕ್ಟರು. ಕೊಯ್ಯುವ ಮೊದಲೇ ದನಿ ಹಿಡಿಯಬೇಕೆಂದು ಇವರು ಊಟ ಬಿಟ್ಟು ಓಡಾಡಿ, ಮದರಾಸಿನಿಂದ ಹಾಡು ತುಂಬಿಕೊಳ್ಳುವ ಯಂತ್ರದವರನ್ನು ನಮ್ಮ ಮನೆಗೇ ಕರೆಸಿದರು. ಸ್ವಾತಂತ್ರ್ಯ ಬಂದ ಮರು ಬೇಸಿಗೆ ಅದು.

ಹಾಡು ಮೊದಲು ಮೇಣದ ದಪ್ಪ ತಟ್ಟೆಯ ಮೇಲೆ ಇಳಿಯಬೇಕು. ಸೂಜಿ ಕೊರೆದ ಗೆರೆಯೇ ದನಿ. ತಪ್ಪಿದರೆ ಅಳಿಸುವಂತಿಲ್ಲ, ಸರಿಯಾಯಿತೋ ಎಂದು ಹಚ್ಚಿ ಕೇಳಿದರೆ ಗೆರೆ ಕೆಡುತ್ತದೆ. ಬಳ್ಳಾರಿಯ ಬಿಸಿಲಿಗೆ ತಂದ ಮೇಣವೆಲ್ಲ ಹಪ್ಪಳದಂತೆ ಸೊಟ್ಟಗಾಗಿತ್ತು. ನೆಟ್ಟಗೆ ಉಳಿದದ್ದು ಒಂದೇ. ಅದನ್ನು ಕೊಡದಲ್ಲಿಟ್ಟು ಬಾವಿಗೆ ಇಳಿಬಿಟ್ಟೆವು.

ಹನುಮಮ್ಮ ಬಂದಳು. ಮನೆಗೆ ಬಂದ ಮುತ್ತೈದೆ, ನಾನು ಅಕ್ಕಿ, ಕೊಬ್ಬರಿ ಬಟ್ಟಲು ಇಟ್ಟು ಉಡಿ ತುಂಬಿದೆ. ಗೋಡೆಗೆಲ್ಲ ಕಂಬಳಿ ತೂಗಿಬಿಟ್ಟ ಕೋಣೆಯಲ್ಲಿ ಬೀಸುವ ಕಲ್ಲು ನೋಡಿ ಯಂತ್ರದವರು ಕೈಮುಗಿದರು. “ರಾಯಿ ವದ್ದಮ್ಮಾ!” ಕಲ್ಲು ಬೇಡ, ಅದರ ಸದ್ದು ದನಿಯನ್ನು ನುಂಗುತ್ತದೆ ಎಂದು ಅವರ ಮಾತು.

“ಕಲ್ಲು ಬ್ಯಾಡಂದ್ರ ಪದ ಎಲ್ಲಿಂದ ಬರ್ತೈತ್ರಿ? ಕೈ ತಿರುಗಿದ್ರ ಬಾಯಿ ತಿರುಗತೈತಿ,” ಅಂದಳು ಹನುಮಮ್ಮ.

“ಹಂಗಾರ ಬರೇ ಕಲ್ಲು ತಿರುವು ಚಿಗವ್ವ. ಜ್ವಾಳ ಹಾಕಬ್ಯಾಡ,” ಎಂದರು ನಮ್ಮವರು.

“ಖಾಲಿ ಕಲ್ಲು ಬೀಸಿದ್ರ ಮನಿ ಖಾಲಿ ಆಗತೈತಿ. ನಿನ್ನ ಮನಿ ಕೆಡಿಸಾಕ ಬಂದೀನೇನೋ ತಮ್ಮಾ?”

ಇವರು ತಲೆ ಕೆರೆದುಕೊಂಡು ಹೊರಗೆ ಹೋದವರು ಮಂಡಕ್ಕಿ ಚೀಲ ಹಿಡಿದು ಬಂದರು. ಹನುಮಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. “ಮಂಡಕ್ಕಿ ಬೀಸಿದಾಕಿ ಈ ಸೀಮಿಗೆ ನಾನs ಮೊದಲು!” ಆದರೂ ಕಲ್ಲು ಖಾಲಿ ಇರಲಿಲ್ಲ, ಸದ್ದೂ ಇರಲಿಲ್ಲ, ಸುಯ್ ಎಂದಿತು, ಅಷ್ಟೆ. ಯಂತ್ರದವರು ತಲೆಯಾಡಿಸಿದರು. ಹನುಮಮ್ಮನ ಪಕ್ಕ ಮಂಡಕ್ಕಿ ತುಂಬಿದ ಮೊರ ಇಟ್ಟೆ. ಬಾವಿಯಿಂದ ಮೇಣ ಮೇಲೆ ಬಂತು. ಸೂಜಿ ಇಳಿಯಿತು.

ಆಕೆ ಎಡಗೈಯಲ್ಲಿ ಗೂಟ ಹಿಡಿದು, ಬಲಗೈಯಲ್ಲಿ ಹಿಡಿ ಹಿಡಿ ಹಾಕುತ್ತ ಹಾಡಿದಳು.

ಕಲ್ಲೀಗೆ ಕಾಳೆರದು ಕೊರಳೀಗೆ ಪದವೆರದು
ನಿಲ್ಲಬ್ಯಾಡ ನನ್ನ ಎಡಗೈಯೆ

ನಾವು ಯಾರೂ ಎಣಿಸದ ಒಂದು ಮಾತಿತ್ತು. ಜೋಳ ಕಲ್ಲಿನೊಳಗೆ ತಾಳುತ್ತದೆ, ಮಂಡಕ್ಕಿ ತಾಳುವುದಿಲ್ಲ. ಹಾಡು ಇನ್ನೂ ಇರುವಾಗಲೇ ಮೊರ ಬರಿದಾಯಿತು. ಚೀಲ ಬಾಗಿಲ ಹೊರಗಿತ್ತು. ಬಾಗಿಲು ತೆಗೆದರೆ ಬೀದಿಯ ಸದ್ದೆಲ್ಲ ಮೇಣಕ್ಕೆ ಬೀಳುತ್ತದೆ. ಖಾಲಿ ಕಲ್ಲನ್ನು ಆಕೆ ತಿರುವುವವಳಲ್ಲ. ಕಲ್ಲು ನಿಂತರೆ ಪದ ನಿಲ್ಲುತ್ತದೆ, ಇನ್ನೊಂದು ಮೇಣ ಇಲ್ಲ. ನಮ್ಮವರು ಮೊರ ನೋಡಿದರು, ಬಾಗಿಲು ನೋಡಿದರು.

ಹನುಮಮ್ಮನ ಬಲಗೈ ಮೊರದಲ್ಲಿ ತಡಕಾಡಿತು. ಆಮೇಲೆ ನಿಧಾನವಾಗಿ ತನ್ನ ಉಡಿಗೆ ಹೋಯಿತು. ಮನೆಗೆ ಒಯ್ಯಬೇಕಾದ ಅಕ್ಕಿಯನ್ನು ಹಿಡಿ ತುಂಬ ತೆಗೆದು ಕಲ್ಲಿನ ಬಾಯಿಗೆ ಹಾಕಿದಳು.

ಕಲ್ಲು ಗುಡುಗಿತು. ಯಂತ್ರದವರು ನಿಲ್ಲಿಸಲು ಕೈ ಚಾಚಿದರು. ನಮ್ಮವರು ಆ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಆ ಗುಡುಗು ಕೇಳಿದ್ದೇ ಹನುಮಮ್ಮನ ದನಿ ಎದ್ದಿತು. ಇಡೀ ಆಯುಷ್ಯ ಕಲ್ಲಿನ ಸದ್ದಿನ ಮೇಲೆ ಹತ್ತಿ ಹಾಡಿದ ದನಿ ಅದು. ಅಷ್ಟು ಹೊತ್ತು ಕೇಳಿದ್ದು ಆಕೆ ಮೆಲ್ಲಗೆ ಮಾತಾಡಿದ್ದು ಎಂದು ಆಗ ತಿಳಿಯಿತು.

ಮುಗಿದ ಮೇಲೆ ಯಂತ್ರದವರು ಸೂಜಿ ಎತ್ತಿದರು. ನಾನು, “ಉಡಿಯಕ್ಕಿ ನಿಮ್ಮ ಮನಿಗೆ ಹೋಗಬೇಕಿತ್ತಲ್ಲ ಚಿಗವ್ವ,” ಎಂದೆ.

“ತಟ್ಟಿ ಆದ್ರ ಮನಿಮನಿಗೆ ಹೋಗತೈತಿ ಬಿಡs,” ಎಂದಳು.

ಆ ಮೇಣವನ್ನು ಒದ್ದೆ ಗೋಣಿಯಲ್ಲಿ ಸುತ್ತಿದ ಪೆಟ್ಟಿಗೆಯಲ್ಲಿಟ್ಟು ನಮ್ಮವರು ತಟ್ಟೆಯ ಅಚ್ಚು ಮಾಡಿಸಲು ಮದರಾಸಿನವರೆಗೆ ತೊಡೆಯ ಮೇಲೆಯೇ ಒಯ್ದರು. ಗೆರೆ ಉಳಿದಿದೆಯೋ ಕರಗಿದೆಯೋ ದೇವರಿಗೇ ಗೊತ್ತು. ಇತ್ತ ಹನುಮಮ್ಮನ ಗಂಟಲು ಕೊಯ್ದರು. ಜೀವ ಉಳಿಯಿತು. ದನಿ ಒಣ ಎಲೆಯ ಸದ್ದಾಯಿತು.

ಮಳೆಗಾಲ ಹಿಡಿದ ಮೇಲೆ ಕರಿ ತಟ್ಟೆ ಬಂದಿತು. ನಾವಿಬ್ಬರೂ ಕುರುಗೋಡಿಗೆ ಹೋದೆವು. ಹನುಮಮ್ಮ ಕಂಬಕ್ಕೆ ಒರಗಿ ಕುಳಿತಿದ್ದಳು. ನಮ್ಮವರು ಗ್ರಾಮಫೋನ್ ಪೆಟ್ಟಿಗೆಗೆ ಕೀಲಿ ಕೊಟ್ಟು ಸೂಜಿ ಇಟ್ಟರು.

ಸುಯ್ ಎಂದಿತು ಕಲ್ಲು. ಪದ ಬಂತು. ಆಕೆಯ ಎಡಗೈ ನೆಲದ ಮೇಲೆ ತಾನೇ ತಿರುಗತೊಡಗಿತು. ಸಣ್ಣ ತಟ್ಟೆ, ಅದರೊಳಗೆ ನಮ್ಮ ಕೋಣೆ, ಆ ಮಧ್ಯಾಹ್ನ, ಹೋಗಿಬಿಟ್ಟ ದನಿ! ಇಂಥದ್ದನ್ನು ಮನುಷ್ಯರು ಮಾಡಿದರೆಂದು ನಂಬಲು ನನಗೆ ಇಂದಿಗೂ ಆಗುವುದಿಲ್ಲ. ಕಲ್ಲು ಗುಡುಗುವ ಜಾಗ ಬರುವ ಮುಂಚೆಯೇ ಹನುಮಮ್ಮನ ಬಲಗೈ ಮೆಲ್ಲಗೆ ಎದ್ದು ತನ್ನ ಬರಿ ಉಡಿಗೆ ಹೋಯಿತು.

ತಟ್ಟೆ ನಿಂತಿತು. ಆಕೆ ಏನೋ ಅಂದಳು, ಕೇಳಿಸಲಿಲ್ಲ. ನಮ್ಮವರು ಕಿವಿಯನ್ನು ಬಾಯಿಯ ಹತ್ತಿರ ಒಯ್ದರು. ಆಮೇಲೆ ಪೆಟ್ಟಿಗೆಯ ಮುಂದೆ ಮಂಡಿಯೂರಿ ಮತ್ತೆ ಕೀಲಿ ಕೊಟ್ಟರು.