ಖಾಲಿಯಾಗದ ಬನ್ನಿಗಂಟು

ನಮ್ಮೂರಿನಿಂದ ಹಿಂದೂಪುರಕ್ಕೆ ದಿನಕ್ಕೆ ಎರಡೇ ಬಸ್ಸು ಇದ್ದ ಕಾಲ. ಮೈಗೆ ಏನೇ ಬಂದರೂ ಮೊದಲು ಮನೆಮದ್ದು, ಆಮೇಲೆ ಬಸ್ಸು. ಆ ವರ್ಷ ಸಂಕ್ರಾಂತಿ ಕಳೆದು ಬೀದಿಯೆಲ್ಲ ಅವರೆಕಾಳಿನ ಸಾರು ಘಮಗುಡುತ್ತಿದ್ದಾಗ, ಸರೋಜಕ್ಕನ ಕುತ್ತಿಗೆಯ ಎಡಗಡೆ ನೆಲ್ಲಿಕಾಯಿಯಷ್ಟು ದಪ್ಪದ ಗೆಡ್ಡೆ ಎದ್ದಿತು. ಅಕ್ಕ ಹತ್ತನೇ ತರಗತಿಯಲ್ಲಿದ್ದಳು. ನಮ್ಮ ಬೀದಿಯಲ್ಲಿ ಅಷ್ಟು ಓದಿದ ಮೊದಲ ಹುಡುಗಿ. ನರ್ಸ್ ಆಗಬೇಕೆಂದು ಅವಳ ಆಸೆ. ನನಗೆ ಒಂಬತ್ತು ವರ್ಷ.

ಹೊಲದ ಬದುವಿನಲ್ಲಿ ಒಂದು ಬನ್ನಿಮರವಿತ್ತು. ಅದರ ಎಲೆಕಡ್ಡಿಗಳ ಮೇಲೆ ಕಡಲೆಕಾಳಿನಿಂದ ಹಿಡಿದು ಬೋರೆಹಣ್ಣಿನ ಗಾತ್ರದವರೆಗೆ ಗಟ್ಟಿ ಗಂಟುಗಳು. ಅವು ಕಾಯಲ್ಲ, ಹುಳು ಒಳಹೊಕ್ಕ ಕಡೆ ಮರವೇ ಉಬ್ಬಿ ಕಟ್ಟಿಕೊಡುವ ಮನೆ. ಅಜ್ಜಿ ತಗ್ಗಿನ ಕೊಂಬೆಯ ಒಂದು ಗಂಟಿಗೆ ಅರಿಶಿನದ ದಾರ ಸುತ್ತಿ, ಅದೇ ದಾರದ ಇನ್ನೊಂದು ತುಂಡನ್ನು ಅಕ್ಕನ ಕುತ್ತಿಗೆಗೆ ಕಟ್ಟಿದಳು. ಗಂಟಿನ ಹುಳುವೆಲ್ಲ ಹೊರಟುಹೋದ ದಿನ ಗೆಡ್ಡೆಯೂ ಕರಗುತ್ತದೆಂದು ಅವಳ ನಂಬಿಕೆ.

“ಖಾಲಿ ಆದ್ಮೇಲೂ ಕರಗ್ದಿದ್ರೆ ಆಸ್ಪತ್ರೆಗೆ ಕರ್ಕೊಂಡೋಗು ಕಣಪ್ಪ, ನಾನೇನು ಅಡ್ಡ ಬರಾಕಿಲ್ಲ,” ಎಂದು ಅಪ್ಪನಿಗೆ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು. “ದಿನಾ ನೀನು ನೋಡ್ಕೊಂಡು ಬಾ ಪದ್ದಿ. ನನ್ ಕಣ್ಣು ಕಾಣಾಕಿಲ್ಲ. ಇದ್ದದ್ದು ಇದ್ದಂಗೇ ಹೇಳು.”

ಅಪ್ಪ ಒಪ್ಪಿದರು. ನಾನು ಹೆಮ್ಮೆಯಿಂದ ಒಪ್ಪಿದೆ.

ಶಾಲೆ ಮುಗಿದ ಮೇಲೆ ಕುಂಟೆಬಿಲ್ಲೆ ಆಟವನ್ನೂ ಬಿಟ್ಟು ಮರದ ಬಳಿ ಹೋಗುತ್ತಿದ್ದೆ. ಪಕ್ಕದ ಗಂಟೊಂದನ್ನು ಬ್ಲೇಡಿನಿಂದ ಸೀಳಿ ನೋಡಿದೆ: ಒಳಗೆ ಒಂದಲ್ಲ, ಏಳೆಂಟು ಗೂಡು; ಒಂದೊಂದರಲ್ಲೂ ಎಳ್ಳಿನಷ್ಟು ಕೆಂಪು ಮರಿಹುಳು. ಹಸಿ ಬನ್ನಿಯ ಒಗರು ವಾಸನೆ ಬೆರಳಿಗೆ ಅಂಟಿತು. ದಾರ ಕಟ್ಟಿದ ಗಂಟನ್ನು ಮಾತ್ರ ಮುಟ್ಟುವಂತಿರಲಿಲ್ಲ. ನಾಲ್ಕನೇ ದಿನ ಅದರಲ್ಲಿ ಸೂಜಿಮೊನೆಯಷ್ಟು ತೂತು ಕಂಡಿತು. ಸೊಳ್ಳೆಗಿಂತ ಚಿಕ್ಕ ನೊಣ ಹೊರಬಂತು. ವಾರ ಕಳೆದು ಇನ್ನೊಂದು ತೂತಿನಿಂದ ಹಸಿರು ಹೊಳಪಿನ ಸಣ್ಣ ಕಣಜ. ಅದು ಮರಿಹುಳುವನ್ನು ತಿಂದು ಅದರ ಗೂಡಿನಲ್ಲೇ ಬೆಳೆದದ್ದು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಖಾಲಿ ಗೂಡುಗಳಿಗೆ ಗೆರೆಯಂಥ ಕಪ್ಪು ಹುಳುಗಳು ಸೇರಿಕೊಂಡವು. ಅವು ಹೋದ ಮೇಲೆ ಇರುವೆ.

ಪ್ರತಿ ಸಂಜೆ ನಾನು ಹೇಳುತ್ತಿದ್ದೆ: “ಇನ್ನೂ ಐತೆ ಅಜ್ಜಿ.”

“ಅದೇನು ಬಾಡಿಗೆ ಮನೆಯೇನೇ, ಒಬ್ರು ಬಿಟ್ರೆ ಇನ್ನೊಬ್ರು ಬರಾಕೆ?” ಅಕ್ಕ ನಗುತ್ತಿದ್ದಳು. “ನನ್ ಕುತ್ತಿಗೇಲೂ ಇಷ್ಟು ಜನ ಸಂಸಾರ ಮಾಡ್ತಾವ್ರೇನೋ ನೋಡು.”

ಶಿವರಾತ್ರಿ ಹತ್ತಿರ ಬಂದಾಗ ಅವಳು ನಗುವುದನ್ನು ಬಿಟ್ಟಿದ್ದಳು. ಗೆಡ್ಡೆ ನಿಂಬೆಹಣ್ಣಿನಷ್ಟಾಗಿ ಚರ್ಮ ಕೆಂಪೇರಿತ್ತು. ಮುದ್ದೆ ನುಂಗಲಾಗದೆ ಗಂಜಿ ಕುಡಿಯುತ್ತಿದ್ದಳು. ಒಂದು ಸಂಜೆ ಹಿತ್ತಿಲಲ್ಲಿ ನನ್ನ ಕೈ ಹಿಡಿದಳು.

“ಖಾಲಿ ಆಯ್ತು ಅಂತ ಹೇಳ್ಬುಡೇ ಪದ್ದಿ. ಆಸ್ಪತ್ರೆಗಾದ್ರೂ ಕರ್ಕೊಂಡೋಗ್ತಾರೆ. ತುಂಬ ನೋಯ್ತದೆ.”

“ಇರುವೆ ಅವೆ ಕಣಕ್ಕ.”

“ಇರುವೆ ಲೆಕ್ಕಕ್ಕಿಲ್ಲ. ಹೇಳ್ಬುಡೇ.”

“ಸುಳ್ಳು ಹೇಳಿದ್ರೆ ನಿಂಗೆ ವಾಸಿ ಆಗಾಕಿಲ್ಲ,” ಎಂದೆ. ಅವಳು ಕೈ ಬಿಟ್ಟಳು.

ಅವತ್ತೂ ಅಜ್ಜಿಗೆ ಇದ್ದದ್ದನ್ನೇ ಹೇಳಿದೆ.

ಎಂಟು ದಿನಕ್ಕೆ ಗೆಡ್ಡೆ ಒಡೆದು ಜ್ವರ ಏರಿತು. ಅಪ್ಪ ಅವಳನ್ನು ಹೊತ್ತು ಬೆಳಗಿನ ಬಸ್ಸು ಹತ್ತಿದರು. ಜೊತೆಗೆ ಅಜ್ಜಿ, ನಾನು. ಹಿಂದೂಪುರದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ದಾರವನ್ನು ಕತ್ತರಿಸಿ ಹಾಕಿ, “ಇನ್ನಿ ರೋಜುಲು ಏಂ ಚೇಸ್ತುನ್ನಾರು?” ಎಂದರು. ಇಷ್ಟು ದಿನ ಏನು ಮಾಡುತ್ತಿದ್ದಿರಿ? ಅಪ್ಪ ನೆಲ ನೋಡಿದರು. ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಯಾರೂ ನನ್ನ ಹೆಸರು ಹೇಳಲಿಲ್ಲ.

ಅದು ಕ್ಷಯದ ಗೆಡ್ಡೆ. ತಿಂಗಳುಗಟ್ಟಲೆ ಸೂಜಿ, ಮಾತ್ರೆ. ಅಕ್ಕ ಉಳಿದಳು. ಹತ್ತನೆಯ ಪರೀಕ್ಷೆ ಅವಳಿಲ್ಲದೆ ಮುಗಿಯಿತು. ಮರುವರ್ಷ ಬರೆದರಾಯಿತು ಎಂದವರೇ ಮರುವರ್ಷ ಅವಳನ್ನು ಸೋಮಂದೇಪಲ್ಲಿಗೆ ಮದುವೆ ಮಾಡಿಕೊಟ್ಟರು. ನಮ್ಮ ಮನೆಯವರಲ್ಲಿ ಓದಿ, ಕೆಲಸಕ್ಕೆ ಸೇರಿದವಳು ನಾನು. ಅವಳ ಪುಸ್ತಕಗಳಲ್ಲೇ ಓದಿದೆ.

ಹೋದ ತಿಂಗಳು ಅವಳ ಮನೆಗೆ ಹೋಗಿದ್ದೆ. ಮೊರದಲ್ಲಿ ಅಕ್ಕಿ ಆರಿಸುತ್ತಿದ್ದವಳ ಪಕ್ಕ ಕೂತು, ಇಷ್ಟು ವರ್ಷಗಳಲ್ಲಿ ಮೊದಲ ಸಲ ಹಿತ್ತಿಲಿನ ಆ ಸಂಜೆಯ ಮಾತು ತೆಗೆದೆ. ಅಕ್ಕ ಕುತ್ತಿಗೆಯ ಕಲೆಯ ಮೇಲೆ ಸೆರಗು ಎಳೆದುಕೊಂಡಳು.

“ನೀನೇನು ಮಾಡ್ತೀಯಾ, ಒಂಬತ್ತು ವರ್ಸದ ಕೂಸು. ಮನೇಲಿ ದೊಡ್ಡೋರು ಇರ್ಲಿಲ್ವಾ?”

ಇದ್ದರು. ಆದರೆ ಅವಳು ಬೇಡಿಕೊಂಡದ್ದು ನನ್ನೊಬ್ಬಳನ್ನೇ.