ಗಂಡ ಬಸ್ಸು ಹತ್ತುವ ಮುಂಚಿನ ವ್ಯಾಪಾರ

ಮಣ್ಣೂರಿಗೆ ಇನ್ನೂ ಪೂರ್ತಿ ಬೆಳಗಾಗಿಲ್ಲ. ಮಾಣಿಕಮ್ಮನವರ ಮನೆಯಲ್ಲಿ ಒಲೆ ಹೊತ್ತಿ ಆಗಲೇ ಬಹಳ ಹೊತ್ತಾಗಿದೆ, ರೊಟ್ಟಿ ಬಡಿಯುವ ಸದ್ದು ಓಣಿಯ ತುದಿಯವರೆಗೂ ಕೇಳುತ್ತಿದೆ. ಒಲೆಯ ಮಗ್ಗುಲಲ್ಲಿ ಒಬ್ಬ ಹೆಣ್ಣುಮಗಳು ಓಢಣಿಯನ್ನು ಸೊಂಟಕ್ಕೆ ಬಿಗಿದು, ಮೊಣಕಾಲೂರಿ, ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿ ಹಿಡಿದಿದ್ದಾರೆ. ಹೊಗೆಗೆ ಕಣ್ಣು ಕೆಂಪಾಗಿವೆ.

"ಅಕ್ಕಾ, ಸ್ವಲ್ಪ ಸಾವಕಾಶ ಬಡೀರಿ. ಎಳ್ಳು ಕಾಣವಲ್ಲವು."

"ಸಾವಕಾಶ ಬಡದ್ರ ರೊಟ್ಟಿ ಹರೀತದ ಬೇ. ಆ ಫೋನಿಗೇ ಜಲ್ದಿ ನೋಡು ಅಂತ ಹೇಳು," ಎಂದು ಮಾಣಿಕಮ್ಮ ಕೈ ನಿಲ್ಲಿಸದೆ ಜವಾಬು ಕೊಡುತ್ತಾರೆ.

ಫೋನು ಹಿಡಿದವರು ಯಾಸ್ಮೀನ. ಊರು ಅಫಜಲಪುರ, ತವರು ಆಳಂದ. ಅವರ ಕೆಲಸಕ್ಕೆ ಇಂಥದೇ ಅಂತ ಹೆಸರಿಲ್ಲ. ಮನೆಯಲ್ಲಿ ಏನಾದರೂ ಮಾಡಿ ಮಾರುವ ಹೆಣ್ಣುಮಕ್ಕಳ ಸರಕನ್ನು ಫೋನಿನ ಮೂಲಕ ಗಿರಾಕಿಗೆ ಮುಟ್ಟಿಸುತ್ತಾರೆ. ವಿಡಿಯೊ ತೆಗೆಯುತ್ತಾರೆ, ಸ್ಟೇಟಸ್ಸಿಗೆ ಹಾಕುತ್ತಾರೆ, ಪೇಜು ತೆರೆದು ಕೊಡುತ್ತಾರೆ, ಬಂದ ಆರ್ಡರು ಓದಿ ಹೇಳುತ್ತಾರೆ. ಮಾಣಿಕಮ್ಮನ ಖಡಕ್ ರೊಟ್ಟಿ, ಜೇವರ್ಗಿ ತಾಲ್ಲೂಕು ಕೊಳಕೂರಿನ ಸಂಘಮಿತ್ರಾ ಹೊಲಿಯುವ ಕುಬುಸ, ಆಳಂದದಲ್ಲಿ ತಮ್ಮ ತಾಯಿ ಖಾಸೀಂಬಿ ಮಾರುವ ಬಳೆ, ಎಲ್ಲವೂ ಇವರ ಕೈಯಿಂದಲೇ ಊರು ದಾಟಿ ಹೋಗಿವೆ.

ಇಷ್ಟು ನಸುಕಿನಲ್ಲಿ ಯಾಕೆ ಎಂದು ಕೇಳಿದರೆ ಯಾಸ್ಮೀನ ಹೊರಗಿನ ಕಟ್ಟೆಯ ಕಡೆ ಕಣ್ಣು ತೋರಿಸುತ್ತಾರೆ. ಅಲ್ಲಿ ಮಾಣಿಕಮ್ಮನವರ ಗಂಡ ಶಿವರಾಯ ಬುತ್ತಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದಾರೆ. ಕಾಯುತ್ತಿರುವುದು ಚಹಾಕ್ಕಲ್ಲ, ಇದೇ ಫೋನಿಗೆ. ಮನೆಗೆಲ್ಲ ಇರುವುದು ಇದೊಂದು. ಅಫಜಲಪುರದ ಮೊದಲ ಬಸ್ಸು ಬಂದರೆ ಅವರು ಮನೆ ಕಟ್ಟುವ ಗೌಂಡಿ ಕೆಲಸಕ್ಕೆ ಹೊರಡುತ್ತಾರೆ, ಫೋನೂ ಅವರ ಜೇಬಿನಲ್ಲಿ ಹೊರಡುತ್ತದೆ.

"ಫೋನ್ ಅವರದ್ರಿ. ಸಿಮ್ ಬೀ ಅವರ ಹೆಸರಿಂದೇ. ಅವರು ಬಸ್ ಹತ್ತಿದ್ರ ನಮ್ಮ ಅಂಗಡಿ ಬಂದ್," ಎನ್ನುತ್ತಾರೆ ಯಾಸ್ಮೀನ. ವಿಡಿಯೊ, ಸ್ಟೇಟಸ್ಸು, ಹಿಂದಿನ ದಿನದ ಗಿರಾಕಿಗಳಿಗೆ ಉತ್ತರ ಎಲ್ಲವೂ ಆ ಬಸ್ಸಿನ ಹಾರ್ನ್ ಕೇಳುವುದರೊಳಗೆ ಮುಗಿಯಬೇಕು. ಇವರು ಹೋಗುವ ಮನೆಗಳಲ್ಲೆಲ್ಲ ಇದೇ ಕತೆ. ಕೆಲಸ ಹೆಂಗಸಿನದು, ಫೋನು ಗಂಡಸಿನದು.

ನಾನು ಇದನ್ನು ನೋಡಿದ್ದು ಸಂಕ್ರಾಂತಿ ಕಳೆದ ಮೇಲೆ. ನಮ್ಮ ಪತ್ರಿಕೆಗೆ ಸುಮ್ಮನೆ ಒಂದು ಮೆಚ್ಚುಗೆಯ ಬರಹ ಬರೆಯಬೇಕೆಂದು ಹೋದವನು. ಆಮೇಲೆ ನಡೆದದ್ದರಿಂದ ಬರಹದ ಧಾಟಿ ಕೆಟ್ಟಿದೆ, ಓದುವವರು ಸಹಿಸಿಕೊಳ್ಳಬೇಕು.

ಯಾಸ್ಮೀನರಿಗೆ ಈ ವಿದ್ಯೆ ಯಾರೂ ಕಲಿಸಿದ್ದಲ್ಲ. ಹತ್ತನೆಯ ತರಗತಿಗೆ ಶಾಲೆ ನಿಂತಿತು, ಮದುವೆಯಾಯಿತು. ಗಂಡ ನಿಜಾಮುದ್ದೀನ ಟಂಟಂ ಆಟೊ ಓಡಿಸುತ್ತಾರೆ, ನಸುಕಿನಲ್ಲಿ ಹಳ್ಳಿಗಳಿಂದ ಹಾಲಿನ ಕ್ಯಾನು ತರುತ್ತಾರೆ. ಆ ಕ್ಯಾನುಗಳ ನಡುವೆಯೇ ಕುಂತು ಇವರು ಮಣ್ಣೂರಿಗೆ ಬರುವುದು. ಒಮ್ಮೆ ತಾಯಿಯ ಬುಟ್ಟಿಯ ಬಳೆಗಳ ಫೋಟೊ ತೆಗೆದು ಸ್ಟೇಟಸ್ಸಿಗೆ ಹಾಕಿದ್ದರಂತೆ. ಸಂಜೆಗೆ ಓಣಿಯ ಹೆಂಗಸರು ಬೇಕಾದ ಬಣ್ಣ ಹೇಳಿ ದನಿಯ ಮೆಸೇಜು ಕಳಿಸತೊಡಗಿದರು. ಹಸಿರಿಗೆ ಹಸಿರು ಅಂತ ಟೈಪು ಮಾಡಲು ಬಾರದವರು ಬಾಯಿಬಿಟ್ಟು ಹೇಳಲು ಹಿಂಜರಿಯಲಿಲ್ಲ. ಅವತ್ತಿನಿಂದ ಯಾಸ್ಮೀನರ ವ್ಯಾಪಾರವೆಲ್ಲ ದನಿಯಲ್ಲೇ. ಕನ್ನಡದಲ್ಲಿ ಒಂದು, ದಖ್ಖನಿಯಲ್ಲಿ ಒಂದು, ಸೊಲ್ಲಾಪುರದ ಗಿರಾಕಿ ಇದ್ದರೆ ಮುರುಕು ಮರಾಠಿಯಲ್ಲಿ ಇನ್ನೊಂದು.

ವಿಡಿಯೊದಲ್ಲಿ ಮುಖ ಇರುವುದಿಲ್ಲ. ಬಡಿಯುವ ಕೈ, ಉಬ್ಬುವ ರೊಟ್ಟಿ, ಅಷ್ಟೇ. "ಮುಖ ಬ್ಯಾಡ ಅಂತಾರ, ನಾ ಬೀ ಬ್ಯಾಡ ಅಂತೇನಿ. ಗಿರಾಕಿಗೆ ರೊಟ್ಟಿ ಬೇಕಾಗ್ಯಾವ, ಮುಖ ತಗೊಂಡು ಏನ್ ಮಾಡ್ತಾರ್ರಿ?"

ನಡುವೆ ಒಮ್ಮೆ ಊರ ಕಡೆ ಒಂದು ಸಂಸ್ಥೆಯವರು ಬಂದರು. ಮಹಿಳೆಯರಿಗೆ ಮೊಬೈಲ್ ವ್ಯಾಪಾರದ ತರಬೇತಿ ಎಂದು ಬ್ಯಾನರು ಕಟ್ಟಿದರು. ತರಬೇತಿ ಇಟ್ಟದ್ದು ನಡುಹಗಲಿಗೆ. ಹಾಲ್ ತುಂಬ ಹೆಂಗಸರು, ಒಬ್ಬರ ಕೈಯಲ್ಲೂ ಮೊಬೈಲ್ ಇಲ್ಲ. ಫೋನುಗಳೆಲ್ಲ ಆ ಹೊತ್ತಿಗೆ ಗಾರೆ ಕಲಸುತ್ತಿದ್ದವು, ಲಾರಿ ತುಂಬುತ್ತಿದ್ದವು. ಪರದೆಯ ಮೇಲೆ ಬಣ್ಣದ ಚಿತ್ರ ತೋರಿಸಿ, ಸಮೋಸ ಹಂಚಿ, ಗುಂಪು ಫೋಟೊ ತೆಗೆಸಿಕೊಂಡು ಬಂದವರು ಹೋದರು. ಇಂಥದ್ದಕ್ಕೆ ಅನುದಾನ ಕೊಡುವವರನ್ನು ಒಂದು ದಿನ ನಸುಕಿನಲ್ಲಿ ಎಬ್ಬಿಸಿ ಆ ಹಾಲಿನ ಕ್ಯಾನುಗಳ ನಡುವೆ ಕೂರಿಸಬೇಕು ಅನಿಸಿತು ನನಗೆ.

ಈಗ ನಡೆದದ್ದಕ್ಕೆ ಬರುತ್ತೇನೆ. ಮಾಣಿಕಮ್ಮನ ರೊಟ್ಟಿಯ ಪೇಜು ಒಳ್ಳೆಯ ಹೆಸರು ಮಾಡಿತ್ತು. ಕಲಬುರಗಿ, ಸೊಲ್ಲಾಪುರ, ಪುಣೆಯ ಮನೆಗಳಿಗೆ ರೊಟ್ಟಿಯ ಕಟ್ಟು ಹೋಗುತ್ತಿತ್ತು. ಅದನ್ನು ನೋಡಿಕೊಂಡು ಶಹರದ ಜಾಹೀರಾತು ಏಜೆನ್ಸಿಯೊಂದರ ಮನುಷ್ಯ ಇವರ ಮನೆ ಹುಡುಕಿಕೊಂಡು ಬಂದ. ಇಸ್ತ್ರಿ ಅಂಗಿ, ಮಧುರ ಮಾತು. ಚಹಾ ಕುಡಿದ, ರೊಟ್ಟಿ ತಿಂದ, ಪೇಜು ನಮಗೆ ಬಿಟ್ಟುಕೊಡಿ ಎಂದ. ಮಾಣಿಕಮ್ಮ ಬ್ಯಾಡ್ರಿ ಎಂದರು. ಹಾಗಾದರೆ ಇದನ್ನೆಲ್ಲ ನೋಡಿಕೊಳ್ಳುವವರು ಯಾರು ಎಂದು ಕೇಳಿ, ಯಾಸ್ಮೀನರ ಹೆಸರು ತಿಳಿದುಕೊಂಡು, ನಗುನಗುತ್ತಲೇ ಹೋದ.

ಕೆಲವು ದಿನಗಳ ಮೇಲೆ ಶಿವರಾಯ ಅಟ್ಟಣಿಗೆಯ ಮೇಲೆ ನಿಂತು ಗೋಡೆಗೆ ಸಿಮೆಂಟಿನ ಗಿಲಾಯಿ ಮಾಡುತ್ತಿದ್ದಾಗ ಫೋನು ಬಂತು. ಯಾಸ್ಮೀನ ಮೇಡಂ ಕಡೆಯಿಂದ ಮಾತಾಡುತ್ತಿದ್ದೇವೆ, ನಿಮ್ಮ ಫೋನಿಗೆ ಒಂದು ನಂಬರು ಬಂದಿದೆ, ಓದಿ ಹೇಳಿ. ಶಿವರಾಯರ ಕೈತುಂಬ ಸಿಮೆಂಟು. ಮಗ್ಗುಲಲ್ಲಿದ್ದ ಕೂಲಿಯವನ ಕೈಗೆ ಫೋನು ಕೊಟ್ಟರು. ಅವನು ಗಟ್ಟಿಯಾಗಿ ಓದಿ ಹೇಳಿದ. ಪೇಜು ಹೋಯಿತು.

ಶಿವರಾಯರಿಗೆ ಅನುಮಾನ ಬರಲಿಲ್ಲವೇ? ಬರುವುದು ಹೇಗೆ? ಪೇಜು ನಡೆಸಲು ಯಾಸ್ಮೀನರಿಗೆ ಆಗಾಗ ಓಟಿಪಿ ಬೇಕಾಗುತ್ತಿತ್ತು. ಸಿಮ್ಮು ಇರುವುದು ಗಂಡಸರ ಜೇಬಿನಲ್ಲಿ. ಹಾಗಾಗಿ ಅವರು ಫೋನು ಮಾಡಿ, "ಅಣ್ಣಾ, ನಂಬರ್ ಬಂದದ, ಓದಿ ಹೇಳ್ರಿ" ಎನ್ನುತ್ತಿದ್ದರು. ಇವರು ಹೇಳುತ್ತಿದ್ದರು. ಅದೇ ರೂಢಿಯಾಗಿತ್ತು. ಕಳ್ಳ ಬಂದದ್ದು ಇವರೇ ಮಾಡಿಟ್ಟ ದಾರಿಯಲ್ಲಿ.

"ನಾನೇ ಕಲಿಸೇನ್ರಿ ಅವರಿಗೆ," ಎನ್ನುತ್ತಾರೆ ಯಾಸ್ಮೀನ. "ಶಿವರಾಯ ಅಣ್ಣಗ ಯಾರೂ ಒಂದ್ ಮಾತ್ ಅನಬಾರದು. ಮನ್ಯಾಗೇ ಕುಂತಿದ್ದೆ ಎರಡ್ ದಿನ. ಯಾರ ಮನಿಗೂ ಹೋಗಾಕ ಮುಖ ಇರಲಿಲ್ಲ."

ಪೇಜಿನ ಹೆಸರು ಅದೇ ಇದೆ, ವಿಡಿಯೊಗಳೂ ಅವೇ. ಕೆಳಗಿನ ಫೋನ್ ನಂಬರು ಮಾತ್ರ ಬೇರೆ. ಕೈ ಮಾಣಿಕಮ್ಮನದು, ಕಳಿಸುತ್ತಿರುವುದು ಮಷಿನ್ನಿನ ರೊಟ್ಟಿ. ಇದು ಗೊತ್ತಾದದ್ದಾದರೂ ಹೇಗೆ? ಅಫಜಲಪುರದ ಸಂತೆಯಲ್ಲಿ ಹಳೆಯ ಗಿರಾಕಿಯೊಬ್ಬರು ಮಾಣಿಕಮ್ಮನನ್ನು ನಿಲ್ಲಿಸಿ ಎಲ್ಲರೆದುರು ಬೈದರು. "ಹೆಸರ ಬಂತು ಅಂತ ಸೊಕ್ಕು ಬಂತೇನ್ ಬೇ? ರೊಟ್ಟಿ ಅಂತೀರೋ, ರಟ್ಟು ಅಂತೀರೋ ಅವಕ್ಕ?" ಮಾಣಿಕಮ್ಮ ಏನೂ ತಿಳಿಯದೆ ಸೆರಗು ಬಾಯಿಗೆ ಹಿಡಿದು ಮನೆಗೆ ಬಂದರು. ಎಂದೂ ಕೆಟ್ಟ ರೊಟ್ಟಿ ಯಾರ ತಾಟಿಗೂ ಹಾಕದ ಹೆಂಗಸು ಆ ದಿನ ಹಂಚು ಕೆಳಗಿಳಿಸಿ ಗೋಡೆಗೆ ಮುಖ ಮಾಡಿ ಮಲಗಿದರು.

ಆ್ಯಪ್‌ನವರಿಗೆ ಯಾಸ್ಮೀನ ದೂರು ಬರೆದರು. ಪರಿಶೀಲಿಸಿದ್ದೇವೆ, ಯಾವ ನಿಯಮವೂ ಮುರಿದಿಲ್ಲ ಎಂದು ಇಂಗ್ಲಿಷಿನಲ್ಲಿ ಉತ್ತರ ಬಂತು. ಪರಿಶೀಲಿಸಿದವರು ಮನುಷ್ಯರೋ ಯಂತ್ರವೋ ದೇವರಿಗೇ ಗೊತ್ತು. ವಿಡಿಯೊದಲ್ಲಿ ಮುಖ ಇಲ್ಲ, ಹೆಸರಿಲ್ಲ, ನಿಮ್ಮದೇ ಎನ್ನುವುದಕ್ಕೆ ಏನು ಆಧಾರ ಎಂದು ಇನ್ನೊಂದು ಕಡೆ ಕೇಳಿದರು. ದೂರು ಕೊಡಲು ಹೋದಲ್ಲೆಲ್ಲ ಮೊದಲ ಪ್ರಶ್ನೆ ಒಂದೇ. ಓಟಿಪಿ ಯಾಕೆ ಕೊಟ್ಟಿರಿ? ಟಿವಿಯಲ್ಲಿ ಹೇಳುವುದಿಲ್ಲವೇ, ಅಷ್ಟೂ ತಿಳಿಯುವುದಿಲ್ಲವೇ?

ನನಗೆ ಮೈಯೆಲ್ಲ ಉರಿಯುವುದು ಇಲ್ಲಿ. ಓಟಿಪಿ ಯಾಕೆ ಕೊಟ್ಟಿರಿ ಎಂದು ಕೇಳಲು ಎಲ್ಲರಿಗೂ ಬಾಯಿದೆ. ಕದ್ದವನನ್ನು ಯಾಕೆ ಕದ್ದೆ ಎಂದು ಕೇಳಲು ಒಬ್ಬರಿಗೂ ಪುರುಸೊತ್ತಿಲ್ಲ. ನಸುಕಿನಿಂದ ಹೊಗೆ ಕುಡಿದು ದುಡಿಯುವ ಹೆಂಗಸಿಗೆ ತನ್ನ ಹೆಸರಿನ ಒಂದು ಸಿಮ್ಮು ಯಾಕಿಲ್ಲ ಎಂದು ಕೇಳುವ ಮಾತಂತೂ ದೂರವೇ ಉಳಿಯಿತು. ಆ ಏಜೆನ್ಸಿಯ ಮನುಷ್ಯ ಇವತ್ತಿಗೂ ಇಸ್ತ್ರಿ ಅಂಗಿ ಹಾಕಿಕೊಂಡು ಯಾವುದೋ ಮನೆಯಲ್ಲಿ ಚಹಾ ಕುಡಿಯುತ್ತಿರುತ್ತಾನೆ.

ಸಿಮ್ಮಿನ ಆ ಪ್ರಶ್ನೆಯನ್ನು ಎತ್ತಿದ್ದು ಕೊನೆಗೆ ಯಾಸ್ಮೀನರೇ. ಹೊಸ ಪೇಜು ತೆರೆಯೋಣ ಎಂದು ಶಿವರಾಯ ಫೋನು ಮುಂದೆ ಹಿಡಿದಾಗ ಅವರು ಮುಟ್ಟಲಿಲ್ಲ. "ಅಕ್ಕನ ಹೆಸರಿಲೆ ಸಿಮ್ ಬರೂತನ ನಾ ಕೈ ಹಚ್ಚಂಗಿಲ್ಲ ಅಣ್ಣಾ. ಸಿಟ್ಟಿಗೇಳ್ರಿ, ಬೈರಿ, ನಡೀತದ."

ಶಿವರಾಯ ಸಿಟ್ಟಿಗೇಳಲಿಲ್ಲ. ತಲೆ ತಗ್ಗಿಸಿ ಹೂಂ ಎಂದರು. ಅಡ್ಡಿ ಬಂದದ್ದು ಬೇರೆ ಕಡೆಯಿಂದ. ಸಿಮ್ಮು ಬೇಕಾದರೆ ಸಣ್ಣ ಯಂತ್ರದ ಮೇಲೆ ಬೆರಳು ಒತ್ತಬೇಕು. ಮಾಣಿಕಮ್ಮ ಒತ್ತಿದರು, ಹೊಂದಲಿಲ್ಲ. ಬೆರಳು ಬದಲಿಸಿದರು, ಹೊಂದಲಿಲ್ಲ. ಚಿಕ್ಕಂದಿನಿಂದ ಬಿಸಿ ಹಂಚಿನ ಮೇಲೆ ರೊಟ್ಟಿ ತಿರುವಿ ತಿರುವಿ ಬೆರಳ ತುದಿಯ ಗೆರೆಗಳೇ ಸವೆದು ಹೋಗಿವೆ. "ನಿಮ್ಮ ಬೆರಳು ಬರವಲ್ಲದು ಅಮ್ಮಾ, ನಾಳಿ ಬರ್ರಿ," ಎಂದ ಅಂಗಡಿಯವನು. ಆ ಬೆರಳುಗಳನ್ನೇ ತೋರಿಸಿ ಯಾವನೋ ಶಹರದಲ್ಲಿ ರೊಟ್ಟಿ ಮಾರುತ್ತಿದ್ದಾನೆ. ಅವುಗಳ ಒಡತಿಗೆ ಒಂದು ಸಿಮ್ಮು ಕೊಡಲು ಮಾತ್ರ ಬೆರಳು ಸಾಲಲಿಲ್ಲ.

ಯಾಸ್ಮೀನ ಬಿಡಲಿಲ್ಲ. ಕೆಲವು ದಿನ ರೊಟ್ಟಿ ಬಡಿಯುವುದನ್ನು ಬಿಡಿಸಿದರು, ಬೆರಳಿಗೆ ಎಣ್ಣೆ ತಿಕ್ಕಿಸಿದರು, ಮತ್ತೆ ಕರೆದುಕೊಂಡು ಹೋದರು, ಮತ್ತೆ ವಾಪಸು ಬಂದರು. "ರೊಟ್ಟಿ ಬಡಿಲಾರದ ಕುಂತ್ರ ಕೈಯಾಗ ನೋವು ಬರ್ತದ ಬೇ, ಸಾಕ್ ಬಿಡು," ಎಂದು ಮಾಣಿಕಮ್ಮ ಬೇಸತ್ತರು. ಕಡೆಗೊಂದು ದಿನ ಎಡಗೈಯ ಕಿರುಬೆರಳಿಗೆ ಯಂತ್ರದ ದಯೆ ಬಂತು. ಸಿಮ್ಮು ಸಿಕ್ಕಿತು. ಟಚ್ ಫೋನು ಮನೆಯಲ್ಲಿ ಬಿಟ್ಟು ಶಿವರಾಯ ಈಗ ಬಟನ್ ಫೋನು ಹಿಡಿದುಕೊಂಡು ಬಸ್ಸು ಹತ್ತುತ್ತಾರೆ.

ಆದರೆ ಹಳೆಯ ಗಿರಾಕಿಗಳು ಪೇಜಿನ ಜೊತೆಗೇ ಹೋದರು, ಅವರಿಗೆ ಈ ಹೊಸ ನಂಬರು ಗೊತ್ತಿಲ್ಲ. ಸ್ಟೇಟಸ್ಸು ಎಂಬುದು ನಮ್ಮ ನಂಬರನ್ನು ಉಳಿಸಿಕೊಂಡವರಿಗೆ ಮಾತ್ರ ಕಾಣುತ್ತದೆ. ಹಾಗಾಗಿ ಅಮಾವಾಸ್ಯೆಗೆ ಘತ್ತರಗಿಯ ಭಾಗ್ಯವಂತಿ ದೇವಿಯ ಗುಡಿಗೆ ಜನ ಬರುವಾಗ ಯಾಸ್ಮೀನ, ಮಾಣಿಕಮ್ಮ ಇಬ್ಬರೂ ಹೊಳೆಗೆ ಇಳಿಯುವ ದಾರಿಯಲ್ಲಿ ಕೂರುತ್ತಾರೆ. ದಾಟುವವರಿಗೆ ಒಂದು ಚೂರು ರೊಟ್ಟಿ, ಮೇಲೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ತಿಂದು ತಲೆದೂಗಿದವರನ್ನು ಯಾಸ್ಮೀನ ಹೋಗಗೊಡುವುದಿಲ್ಲ. "ಮಿಸ್ ಕಾಲ್ ಕೊಡ್ರಿ ಅಣ್ಣಾ. ನನ್ನ ಮುಂದೇ ಸೇವ್ ಮಾಡ್ರಿ. ಮನಿಗೆ ಹೋಗಿ ಮಾಡ್ತೇನಿ ಅನಬ್ಯಾಡ್ರಿ, ಮಾಡಂಗಿಲ್ಲ ನೀವು." ಬಿಸಿಲಿಗೆ ಇಬ್ಬರ ಮುಖವೂ ಕಪ್ಪಿಟ್ಟಿದೆ. ಪೇಜು ಕಟ್ಟಲು ಹಿಡಿದ ವರ್ಷಗಳನ್ನು ಮತ್ತೆ ಮೊದಲಿನಿಂದ ಸವೆಸಬೇಕು.

ಮಾಣಿಕಮ್ಮನ ಸಿಮ್ಮು ಆದ ಮೇಲೆ ಸಂಘಮಿತ್ರಾರದೂ ಆಗಿದೆ. ಉಳಿದವರನ್ನು ಯಾಸ್ಮೀನ ಒಬ್ಬೊಬ್ಬರಾಗಿ ಅಂಗಡಿಗೆ ಕರೆದೊಯ್ಯುತ್ತಿದ್ದಾರೆ. ಒಂದೆರಡು ಮನೆಗಳಲ್ಲಿ ಗಂಡಸರು ಬಾಗಿಲಿಗೇ ಅಡ್ಡ ನಿಂತರಂತೆ. ಆ ಮನೆಗಳಿಗೆ ಅವರು ಮರುದಿನ ಮತ್ತೆ ಹೋಗಿದ್ದಾರೆ.

ನಿಮಗೆ ಏನಾದರೂ ಆಸೆ ಇದೆಯೇ ಎಂದು ಕೇಳಿದೆ. ಇಂಥ ಬರಹದ ಕೊನೆಗೆ ಕೇಳುವ ಪ್ರಶ್ನೆ ಅದು.

"ನನ್ನ ಫೋಟೊ ಬ್ಯಾಡ್ರಿ ಸರ. ನಿಮ್ಮ ಪೇಪರ್‌ನಾಗ ಅಕ್ಕನ ಹೊಸ ನಂಬರ್ ಹಾಕ್ರಿ. ಹೋದ ಗಿರಾಕಿ ಓದಿದ್ರ ತಿರುಗಿ ಬರ್ತಾರ. ಅಷ್ಟೇ ಸಾಕು."

ನಾನು ಹಾಕಿಸುತ್ತೇನೆ ಎಂದು ಮಾತು ಕೊಟ್ಟು ಬಂದೆ. ಕಚೇರಿಯಲ್ಲಿ ಹಿರಿಯರು ನಂಬರಿನ ಸಾಲಿಗೆ ಅಡ್ಡ ಗೆರೆ ಎಳೆದರು. ಲೇಖನದಲ್ಲಿ ಫೋನ್ ನಂಬರು ಬಂದರೆ ಅದು ಜಾಹೀರಾತಾಗುತ್ತದೆ, ಜಾಹೀರಾತಿಗೆ ದರ ಇದೆ, ಇದು ನಿಯಮ. ಈ ಪುಟದ ಮೇಲುಗಡೆ ಎಲೆಮರೆಯ ಕಾಯಿ ಎಂದು ದಪ್ಪಕ್ಷರದಲ್ಲಿ ಹಾಕುತ್ತೇವೆ. ಕಾಯಿ ಮರೆಯಲ್ಲಿದೆ ಎಂದು ಮರುಗುವ ನಾವೇ ಎಲೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದೇವೆ. ಇದನ್ನೂ ಅಡ್ಡ ಗೆರೆ ಎಳೆದು ತೆಗೆಯುತ್ತಾರೋ ಏನೋ, ತೆಗೆದರೆ ತೆಗೆಯಲಿ.

ನನ್ನಿಂದಾಗುವುದು ಇಷ್ಟು. ಬರುವ ಅಮಾವಾಸ್ಯೆಗೆ ಘತ್ತರಗಿಗೆ ಹೋದವರು ಹೊಳೆಯ ದಾರಿಯಲ್ಲಿ ರೊಟ್ಟಿ ಮಾಣಿಕಮ್ಮ ಎಲ್ಲಿ ಎಂದು ಯಾರನ್ನಾದರೂ ಕೇಳಿ. ನಂಬರನ್ನು ಮಾಣಿಕಮ್ಮನವರೇ ಹೇಳುತ್ತಾರೆ. ಎಲ್ಲೂ ನೋಡಿಕೊಳ್ಳುವುದಿಲ್ಲ, ತಡವರಿಸುವುದಿಲ್ಲ, ಅದು ಅವರಿಗೆ ಬಾಯಿಪಾಠ ಆಗಿದೆ.