ಅರ್ಧಕ್ಕೆ ನಿಂತ ಚಿತ್ರ

ಹೊಸ ಮೇಷ್ಟ್ರುಗಳಿಗೆ ತರಗತಿ ನಿಭಾಯಿಸುವುದನ್ನು ಕಲಿಸುವ ಕೆಲಸ ನನಗೆ ಬಂದದ್ದು ನನ್ನ ಗಂಟಲಿನಿಂದ. ಬೇರೆ ಕಾರಣ ಹೇಳಿದರೆ ಸುಳ್ಳಾಗುತ್ತದೆ. ನಮ್ಮದು ನಂಜನಗೂಡಿನ ಪೂಜೆಯ ಮನೆತನ. ಗಂಟಲು ನಮಗೆ ಪಿತ್ರಾರ್ಜಿತ. ಅಪ್ಪ ಒಳಗೆ ಮಂತ್ರ ಹೇಳಿದರೆ ಹೊರಗೆ ಚಪ್ಪಲಿ ಬಿಡುವವರಿಗೂ ಕೇಳಿಸುತ್ತಿತ್ತು. ನನಗೆ ಮಂತ್ರ ಬರಲಿಲ್ಲ, ಗಂಟಲು ಬಂತು, ಅದರ ಜೊತೆಗೆ ಮೂಗಿನ ತುದಿಯ ಸಿಟ್ಟೂ ಬಂತು. ಇಪ್ಪತ್ತೆರಡು ವರ್ಷ ಸರ್ಕಾರಿ ಶಾಲೆಗಳಲ್ಲಿ ಪಾಠ ಮಾಡಿದೆ. ನಾನು ವರಾಂಡದಲ್ಲಿ ಕೆಮ್ಮಿದರೆ ಮೂರು ತರಗತಿ ಸುಮ್ಮನಾಗುತ್ತವೆ ಎಂದು ಸ್ಟಾಫ್ ರೂಮಿನಲ್ಲಿ ಆಡಿಕೊಳ್ಳುತ್ತಿದ್ದರು. ನಾನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ತರಬೇತಿಯನ್ನು ನಾನು ಯಾವಾಗಲೂ ಒಂದೇ ಕಥೆಯಿಂದ ಶುರು ಮಾಡುತ್ತಿದ್ದೆ. ನನ್ನ ಮೊದಲ ಪೋಸ್ಟಿಂಗ್ ತಿ. ನರಸೀಪುರದ ಹತ್ತಿರದ ಒಂದು ಹಳ್ಳಿಗೆ. ಸೇರಿದ ಎರಡನೇ ವಾರ, ಐದನೇ ತರಗತಿಗೆ ಲೆಕ್ಕ ಹೇಳಿಕೊಡುತ್ತಿದ್ದೆ. ಹೆಡ್‌ಮೇಷ್ಟ್ರು ಬಾಗಿಲಿಗೆ ಬಂದು ನಿಂತು, ನಾನು ಅಲ್ಲಿ ಇಲ್ಲವೇ ಇಲ್ಲ ಎನ್ನುವಂತೆ, "ಏನ್ರಲಾ, ಸ್ಕೂಲಾ ಸಂತೇನಾ ಇದು?" ಎಂದು ಗುಡುಗಿದರು. ಮಕ್ಕಳು ಗಪ್‌ಚುಪ್. ಆಮೇಲೆ ಆ ವರ್ಷವಿಡೀ ಮಕ್ಕಳು ನನ್ನ ಮಾತಿಗೆ ಸುಮ್ಮನಾಗುವ ಮುಂಚೆ ಒಮ್ಮೆ ಬಾಗಿಲ ಕಡೆ ನೋಡುತ್ತಿದ್ದರು. ಹೆಡ್‌ಮೇಷ್ಟ್ರು ಬರಲಿಲ್ಲ ಎಂದು ಖಾತ್ರಿಯಾದರೆ ಮತ್ತೆ ಗಲಾಟೆ. ಶಾಲೆಯ ನೀರಿನ ತೊಟ್ಟಿಯ ಹಿಂದೆ ನಿಂತು ನಾನು ಎಷ್ಟು ದಿನ ಅತ್ತಿದ್ದೇನೋ. ಈ ಕಥೆ ಹೇಳಿ ಮುಗಿಸಿ, "ಇನ್ನೊಬ್ಬರ ತರಗತಿಯಲ್ಲಿ ಬಾಯಿ ಹಾಕುವುದೆಂದರೆ ಅವರು ಕೂತ ಕುರ್ಚಿಯನ್ನು ಎಳೆದಂತೆ. ನಿಮ್ಮ ದಾರಿಯನ್ನು ನೀವೇ ಹುಡುಕಿಕೊಳ್ಳಿ" ಎನ್ನುತ್ತಿದ್ದೆ. ಚಪ್ಪಾಳೆ ಬೀಳುತ್ತಿತ್ತು.

ಒಂದು ತರಬೇತಿಯಲ್ಲಿ ಈ ಮಾತನ್ನು ಪುಸ್ತಕದಲ್ಲಿ ಬರೆದುಕೊಂಡವನು ಒಬ್ಬನೇ. ಮೂಗೂರಿನ ಕಡೆಯ ಒಕ್ಕಲು ಮನೆಯ ಹುಡುಗ. ಚಿಕ್ಕಯ್ಯನಛತ್ರದ ಕಡೆಯ ಶಾಲೆಯೊಂದಕ್ಕೆ ಹೊಸದಾಗಿ ಬಂದಿದ್ದ. ಅಲ್ಲಿನ ಮಕ್ಕಳಲ್ಲಿ ಅರ್ಧಕ್ಕರ್ಧ ಜನರ ತಂದೆತಾಯಿ ತಾಂಡ್ಯದ ಫ್ಯಾಕ್ಟರಿಗಳಿಗೆ ಹೋಗುವವರು. ಬೆಳಗ್ಗೆ ಮಕ್ಕಳನ್ನು ಗದರಿಸಿ ಕಳಿಸಲೂ ಮನೆಯಲ್ಲಿ ಯಾರೂ ಇರುವುದಿಲ್ಲ. ಹುಡುಗನ ದನಿಯೋ, ಪಕ್ಕದಲ್ಲಿ ಕೂತವರಿಗೇ ಕೇಳಿಸದಷ್ಟು ಮೆಲ್ಲಗೆ. ಊಟದ ಬಿಡುವಿನಲ್ಲಿ ನನ್ನ ಹತ್ತಿರ ಬಂದು, "ಆರನೇ ಕ್ಲಾಸು ನನ್ ಮಾತೇ ಕೇಳಲ್ಲ ಮೇಡಂ. ಪ್ರೊಬೇಷನ್ ಮುಗಿಯೋಗಂಟ ಇರ್ತೀನೋ ಇಲ್ವೋ. ಬುಟ್ಟು ಓಗ್‌ಬುಡಣ ಅನ್ಸ್ತದೆ" ಎಂದ. ಅವನ ಶಾಲೆ ನನ್ನ ಪಾಲಿಗೇ ಬಿದ್ದಿತ್ತು. ಹದಿನೈದು ದಿನಕ್ಕೊಮ್ಮೆ ಹೋಗಿ ಅವನ ಪಾಠ ನೋಡಿ, ತಿದ್ದಿ ಬರಬೇಕು. ಅವನ ಕೆಲಸ ಖಾಯಂ ಆಗುವಾಗ ನಾನು ಬರೆದದ್ದನ್ನೂ ನೋಡುತ್ತಾರೆ.

ಎರಡು ಸಲ ಹೋಗಿ ಬಂದೆ. ಪಾಪ, ಒದ್ದಾಡುತ್ತಿದ್ದ. ಮೂರನೆಯ ಸಲಕ್ಕೆ ಅವನೇ ಫೋನು ಮಾಡಿದ. ದನಿಯಲ್ಲಿ ಮೊದಲ ಸಲ ಲವಲವಿಕೆ ಇತ್ತು. "ಮೇಡಂ, ಒಂದ್ ದಾರಿ ಸಿಕ್ಕದೆ. ಬಾಯಲ್ಲಿ ಏಳುದ್ರೆ ಚೆನ್ನಾಗಿರಲ್ಲ, ಬಂದ್ ನೋಡಿ."

ಹೋದೆ. ಬಸ್ಸಿನಲ್ಲಿ ಶಿಫ್ಟಿನವರ ರಶ್ಶು, ನಿಂತೇ ಹೋದೆ, ಯಾರೋ ನನ್ನ ಕಾಲು ತುಳಿದರು. ಅವತ್ತು ನಾನು ಮಾಡಿದ ತಪ್ಪನ್ನು ಆ ಬಸ್ಸಿನ ಮೇಲೆ ಹೊರಿಸಲು ಎಷ್ಟೋ ಸಲ ನೋಡಿದ್ದೇನೆ, ಅದು ಹೊರುವುದಿಲ್ಲ. ಆರನೇ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ನಮೂನೆಯ ಹಾಳೆ ತೆಗೆದೆ. ಪಾಠ ನೋಡುತ್ತಾ ಗುರುತು ಹಾಕಬೇಕಾದ ಹಾಳೆ ಅದು. ಅದರಲ್ಲಿ ಮೊದಲನೆಯದೇ, ಶಿಕ್ಷಕರು ಮಕ್ಕಳಿಗೆ ಬೆನ್ನು ಹಾಕಿ ನಿಲ್ಲಬಾರದು ಎಂದು. ಇವನು ಒಳಗೆ ಬಂದವನೇ ಸೀಮೆಸುಣ್ಣ ಹಿಡಿದು ಮಕ್ಕಳಿಗೆ ಬೆನ್ನು ಹಾಕಿದ. ಒಂದು ಮಾತಿಲ್ಲ, ಕಥೆಯಿಲ್ಲ. ಬೋರ್ಡಿನ ಮೇಲೆ ದೊಡ್ಡದೊಂದು ದುಂಡು ಗೆರೆ ಎಳೆಯತೊಡಗಿದ.

ಮಕ್ಕಳು ಕೂಗಾಡತೊಡಗಿದರು. "ಬಾವಿ ಸಾ, ಬಾವಿ!" "ಅಲ್ಲ ಕಣ್ಲಾ, ಟ್ರ್ಯಾಕ್ಟರ್ ಚಕ್ರ!" ಒಬ್ಬ ಬೆಂಚಿನ ಮೇಲೆ ಹತ್ತಿ ನಿಂತ. ಬೋರ್ಡಿನ ಮುಂದಿದ್ದವನು ತಿರುಗಲಿಲ್ಲ. ಇನ್ನೊಂದು ಗೆರೆ ಎಳೆದ, ತಡೆದ, ಯೋಚಿಸಿದ, ಮತ್ತೊಂದು ಎಳೆದ. ನಾನು ಗಡಿಯಾರ ನೋಡಿಕೊಂಡೆ. ಎರಡು ನಿಮಿಷ. ಈಗ ನೆನೆಸಿಕೊಂಡರೆ ಮುಂದಿನ ಎರಡು ಬೆಂಚು ಆಗಲೇ ಸುಮ್ಮನಾಗಿದ್ದವು. ಕತ್ತು ಚಾಚಿ, ಬಾಯಿ ತೆರೆದು ಬೋರ್ಡನ್ನೇ ನೋಡುತ್ತಿದ್ದವು. ಮೂರನೆಯ ಬೆಂಚು ಅವರನ್ನು ನೋಡಿ ಸುಮ್ಮನಾಗುವುದರಲ್ಲಿತ್ತು. ಆಗ ನನಗೆ ಇದು ಯಾವುದೂ ಕಾಣಲಿಲ್ಲ. ಕಿವಿಗೆ ಗಲಾಟೆ ಮಾತ್ರ ಬೀಳುತ್ತಿತ್ತು, ನೆತ್ತಿಗೆ ಸಿಟ್ಟು ಏರುತ್ತಿತ್ತು. ಎದ್ದು ನಿಂತು ಬೆಂಚನ್ನು ಗುದ್ದಿ ಕೂಗಿದೆ:

"ಏಯ್! ಬಾಯ್ಮುಚ್ಚಿ! ಸ್ಕೂಲಾ ಸಂತೇನಾ ಇದು?"

ತರಗತಿ ತಣ್ಣಗಾಯಿತು. ಬೆಂಚಿನ ಮೇಲಿದ್ದವನು ಇಳಿಯಲೂ ಹೆದರಿ ಅಲ್ಲೇ ನಿಂತ. ಸೀಮೆಸುಣ್ಣ ಗೆರೆಯ ನಡುವೆ ನಿಂತುಹೋಗಿತ್ತು. ಅದನ್ನು ಹಿಡಿದಿದ್ದವನು, ಡಸ್ಟರು ಪಕ್ಕದಲ್ಲೇ ಇದ್ದರೂ ಅಂಗೈಯಿಂದಲೇ ಚಿತ್ರವನ್ನು ಒರೆಸಿ, ತಿರುಗಿ, ಪುಸ್ತಕ ತೆಗೆಯಿರಿ ಎಂದ. ನಾನು ಅವನ ಕಡೆ ನೋಡಿ, ನೋಡಿದಿರಾ, ಹೀಗೆ, ಎನ್ನುವಂತೆ ನಕ್ಕೆ. ಆ ನಗುವನ್ನು ನೆನೆದರೆ ಈಗಲೂ ಮುಖ ಮುಚ್ಚಿಕೊಳ್ಳುವಂತಾಗುತ್ತದೆ.

ಪಾಠ ಮುಗಿದ ಮೇಲೆ ಸ್ಟಾಫ್ ರೂಮಿನಲ್ಲಿ ಕೂರಿಸಿಕೊಂಡು ಬುದ್ಧಿ ಹೇಳಿದೆ. ಬೆನ್ನು ಹಾಕಬಾರದು, ಮೊದಲ ನಿಮಿಷದಲ್ಲೇ ಹಿಡಿತಕ್ಕೆ ತಗೋಬೇಕು, ಕಣ್ಣು ಬಿಟ್ಟರೆ ಹೆದರಬೇಕು. ಅವನು, "ಇನ್ನೊಂದೆರಡ್ ನಿಮ್ಸ ಆಗಿದ್ರೆ ಮೇಡಂ, ಅವೇ ಸುಮ್ಕಾಗವು..." ಎಂದು ಶುರು ಮಾಡಿದ.

"ಮೊದಲು ಇದನ್ನ ಬರ್ಕೊಳ್ಳಿ" ಎಂದೆ.

ಬರೆದುಕೊಂಡ.

ಮನೆಗೆ ಬಂದು ರಾತ್ರಿಯ ಅಡುಗೆಗೆ ಅಕ್ಕಿ ತೊಳೆಯುವಾಗ ಥಟ್ಟನೆ ಹೊಳೆಯಿತು. ಸ್ಕೂಲಾ ಸಂತೇನಾ. ಆ ಮಾತು ಯಾರದು? ಕೈ ನೀರಿನಲ್ಲೇ ಉಳಿಯಿತು. ಅವನು ನನ್ನನ್ನು ಕರೆದಿದ್ದ. ನೀವೇ ಹುಡುಕಿಕೊಳ್ಳಿ ಎಂದಿದ್ದೆ, ಹುಡುಕಿಕೊಂಡು, ನೋಡಿ ಎಂದು ಕರೆದಿದ್ದ. ಆಗಲೇ ಫೋನು ಮಾಡಿ ತಪ್ಪಾಯಿತಪ್ಪ ಎಂದಿದ್ದರೆ ಏನು ಗಂಟು ಹೋಗುತ್ತಿತ್ತು? ಮಾಡಲಿಲ್ಲ. ನನಗಿಂತ ಇಪ್ಪತ್ತು ವರ್ಷ ಚಿಕ್ಕವನಿಗೆ ಹೇಗೆ ಹೇಳುವುದು ಎಂಬ ಕೊಬ್ಬು. ಅಲ್ಲಿ ಇಲ್ಲಿ ಕೆಲಸ ಎಂದು ಮೂರು ತಿಂಗಳು ಆ ಶಾಲೆಯ ಕಡೆ ತಲೆ ಹಾಕಲಿಲ್ಲ. ಈ ನಡುವೆ ಇನ್ನೊಂದು ತರಬೇತಿ ನಡೆಯಿತು. ಅಲ್ಲಿ ಮತ್ತೆ ಅದೇ ತೊಟ್ಟಿಯ ಕಥೆ ಹೇಳಿದೆ, ಮತ್ತೆ ಚಪ್ಪಾಳೆ ತೆಗೆದುಕೊಂಡೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎನ್ನುತ್ತಾರಲ್ಲ, ನಾನು ಬದನೆಕಾಯಿ ತಿಂದ ಮೇಲೂ ಪುರಾಣ ನಿಲ್ಲಿಸಲಿಲ್ಲ. ಅವನನ್ನು ಗದರಿದ್ದಕ್ಕಿಂತ ಇದು ನನಗೆ ಹೆಚ್ಚು ನಾಚಿಕೆ ತರುತ್ತದೆ.

ಕೊನೆಗೆ ಅವನ ವರದಿ ಬರೆಯುವ ದಿನ ಬಂತು, ಹೋಗಲೇಬೇಕಾಯಿತು. ವರಾಂಡದಲ್ಲಿ ನಡೆಯುವಾಗ ಆರನೇ ತರಗತಿಯಿಂದ ಒಂದು ಪಿಸುಮಾತೂ ಇಲ್ಲ. ಮಕ್ಕಳನ್ನು ಆಟಕ್ಕೆ ಬಿಟ್ಟಿದ್ದಾರೆ ಎಂದುಕೊಂಡೆ. ಬಾಗಿಲ ಹತ್ತಿರ ಹೋದಾಗ ಅವನ ದನಿ ಕೇಳಿಸಿತು. ಆ ಮೆಲ್ಲನೆಯ ದನಿ ಎಲ್ಲಿ ಹೋಯಿತೋ. "ಕೈ ಕಟ್ಟಿ! ಬಾಯ್ ಮೇಲೆ ಬೆರಳು! ಉಸಿರೆತ್ತುದ್ರೆ ನೋಡಿ!" ಮೇಜಿನ ಮೇಲೆ ಮರದ ಸ್ಕೇಲು. ನನ್ನನ್ನು ಕಂಡು ಮುಖ ಅರಳಿಸಿದ.

"ಈಗ ಸರಿ ಅದೆ ಅಲ್ವಾ ಮೇಡಂ? ನೀವ್ ಏಳ್ದಂಗೇ ಮಾಡ್ತಿವ್ನಿ."

ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ತಿರುಗಿ ಬಯ್ಯಬಹುದಿತ್ತು. ನಮೂನೆಯಲ್ಲಿ ತರಗತಿ ನಿರ್ವಹಣೆ ಎಂಬಲ್ಲಿ ಉತ್ತಮ ಎಂದು ಬರೆದೆ. ಬೇರೇನು ಬರೆದರೂ ಅವನ ಕೆಲಸಕ್ಕೆ ಕುತ್ತು. ನನ್ನ ತಪ್ಪಿಗೆ ಅವನಿಗೆ ಯಾಕೆ ಶಿಕ್ಷೆ?

ಬಿಸಿಯೂಟದ ಹೊತ್ತಿನಲ್ಲಿ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದೆ. ಆರನೇ ತರಗತಿಯ ಒಂದು ಹುಡುಗಿ ತಟ್ಟೆ ತೊಳೆಯುತ್ತಾ, ನನ್ನ ಮುಖ ನೋಡದೆ, "ಮಿಸ್, ಅವತ್ತು ಸಾ ಬರೀತಿದ್ದುದ್ದು ಏನ್ ಚಿತ್ರ? ನಿಮ್ಗಾದ್ರೂ ಏಳುದ್ರಾ?" ಎಂದಳು. ಇಲ್ಲ ಎಂದೆ. "ನಾನು ಬಾವಿ ಅಂದಿದ್ದೆ. ದಿನಾ ಒಂದೊಂದ್ ಬರೀತಿದ್ರು. ನಾವ್ ಎಲ್ಲಾ ಸುಮ್ಕಾದ್ ಮ್ಯಾಕೇ ಅದೇನು ಅಂತ ಏಳೋರು. ಈಗ ಬರೆಯದೇ ಇಲ್ಲ" ಎಂದು ತಟ್ಟೆಯ ನೀರು ಒದರಿಕೊಂಡು ಓಡಿದಳು.

ಅವನನ್ನು ಹುಡುಕಿಕೊಂಡು ಹೋದೆ. "ಅವತ್ತು ತಪ್ಪು ನಂದು. ನಾನು ಬಾಯಿ ಹಾಕಬಾರದಿತ್ತು" ಎಂದೆ. ಅವನು ಗಾಬರಿಯಾಗಿ ಎದ್ದು ನಿಂತ. "ಅಯ್ಯೋ, ಬುಡಿ ಮೇಡಂ, ಒಳ್ಳೇದುಕ್ಕೇ ಅಲ್ವಾ ಏಳಿದ್ದು." ಅದು ಏನು ಚಿತ್ರ ಎಂದು ಕೇಳಿದೆ. ತಲೆ ಕೆರೆದುಕೊಂಡ, ಜ್ಞಾಪಕ ಇಲ್ಲ ಎಂದ. ಈಗ ಒಂದು ಬರೆಯಿರಿ, ನಾನು ಹೊರಗೇ ಇರುತ್ತೇನೆ ಎಂದೆ.

"ಬ್ಯಾಡಿ ಮೇಡಂ. ಮತ್ತೆ ಗಲಾಟೆ ಶುರು ಮಾಡ್ತವೆ. ಈಗಿನ್ನೂ ಒಂದ್ ಲೈನಿಗೆ ಬಂದವೆ."

ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬರುವುದಿಲ್ಲ ಎಂದು ಗೊತ್ತಿದ್ದೂ ಕೈ ಸುಮ್ಮನಿರಲಿಲ್ಲ. ಅವನ ಒಪ್ಪಿಗೆ ಕೇಳಿ ಊಟವಾದ ಮೇಲೆ ನಾನೇ ತರಗತಿಗೆ ಹೋದೆ. ಅವನು ಬಾಗಿಲಲ್ಲಿ ನಿಂತ. "ಮಕ್ಕಳೇ, ಅವತ್ತು ನಾನು ನಿಮ್ಮನ್ನ ಬೈದಿದ್ದು ತಪ್ಪು. ಇವತ್ತು ಎಷ್ಟು ಬೇಕಾದರೂ ಮಾತಾಡಿ" ಎಂದೆ. ಬೋರ್ಡಿಗೆ ತಿರುಗಿ, ನೆನಪಿದ್ದಂತೆ ಅದೇ ದುಂಡು ಗೆರೆ ಎಳೆದೆ, ತಡೆದು, ಇನ್ನೊಂದು ಎಳೆದೆ. ಬೆನ್ನ ಹಿಂದೆ ಬಾವಿ ಎನ್ನುವ ಒಂದು ದನಿಗಾಗಿ ಕಾದೆ. ಟ್ರ್ಯಾಕ್ಟರ್ ಚಕ್ರವಾದರೂ ಆಗಬಹುದಿತ್ತು.

ಏನೂ ಕೇಳಿಸಲಿಲ್ಲ. "ಏನಿದು, ಹೇಳಿ" ಎಂದು ತಿರುಗಿದೆ. ನನ್ನ ಗಂಟಲಿನಲ್ಲಿ ಅದೂ ಗದರಿಕೆಯಂತೆಯೇ ಬಂತು. ನಲ್ಲಿಯ ಹತ್ತಿರ ಮಾತಾಡಿದ್ದ ಹುಡುಗಿಯನ್ನು ನೋಡಿದೆ. ಅವಳು ಎದ್ದು ನಿಂತು ಕೈ ಕಟ್ಟಿಕೊಂಡು, "ಗೊತ್ತಿಲ್ಲ ಮಿಸ್" ಎಂದಳು. ಉಳಿದವರೂ ಕೈ ಕಟ್ಟಿಕೊಂಡೇ ಕೂತಿದ್ದರು. ಒಬ್ಬರೂ ಬೋರ್ಡನ್ನು ನೋಡುತ್ತಿರಲಿಲ್ಲ, ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು.